ಗಾರೆಯಕ್ಕ ಕಿತ್ತ ಹನ್ನೊಂದು ಮೆಟ್ಟಿಲು

ಗುಡ್ಡದ ನೆತ್ತಿಯ ಆ ಬಡಾವಣೆಯಲ್ಲಿ ಕೆಳಬೀದಿಯವರ ಮಾಳಿಗೆ ಮೇಲ್ಬೀದಿಯವರ ಕಾಲಡಿಗೆ ಬರುತ್ತಿತ್ತು. ಮೇಲೆ ಒಣಹಾಕಿದ ಬೆಡ್‌ಶೀಟು ಗಾಳಿಗೆ ಹಾರಿ ಕೆಳಗಿನ ವಕೀಲರ ಮುಖಕ್ಕೆ ಸುತ್ತಿಕೊಂಡರೆ ಅವತ್ತಿಡೀ ಅದೇ ಸುದ್ದಿ. ಯಾರ ಮನೆಯ ಬೆಕ್ಕು ಯಾರ ಹಾಲು ಕುಡಿಯಿತು, ನೀರಿನ ಟ್ಯಾಂಕಿನ ಮುಚ್ಚಳ ಈ ಸಲ ಎಷ್ಟು ಮನೆ ದಾಟಿ ಬಿತ್ತು, ಎಲ್ಲವೂ ಬೆಳಗಿನ ಹತ್ತು ಗಂಟೆಯೊಳಗೆ ಕ್ಷೌರದಂಗಡಿಗೆ ಬಂದು, ಅಲ್ಲಿಂದ ಎರಡು ಪಟ್ಟಾಗಿ ಊರಿಗೆ ಹೋಗುತ್ತಿತ್ತು. ಆ ಅಂಗಡಿಯವನಿಗೆ ರೇಡಿಯೋ ಅಂತಲೇ ಹೆಸರು. ಅರ್ಧ ಗಡ್ಡ ಬೋಳಿಸಿ, ಕತ್ತಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ಸುದ್ದಿ ಹೇಳಿ ಹೋಗುವ ಆಸಾಮಿ. ಅಂಥ ರೇಡಿಯೋಗೆ ಒಂದು ವರ್ಷ ಪೂರ್ತಿ ಬೇರೆ ಸುದ್ದಿಯೇ ಬೇಡವಾದದ್ದು ಗಾರೆಯಕ್ಕ ತನ್ನ ಮನೆಯ ಮೆಟ್ಟಿಲು ಕಿತ್ತಾಗ.

ಗಾರೆಯಕ್ಕನಿಗೆ ಆಗ ಅರವತ್ತಾರು. ಅಪ್ಪ ಗಾರೆ ಕೆಲಸದವನು. ಗಂಡುಮಕ್ಕಳಿರಲಿಲ್ಲ, ಇವಳೇ ಬಾಂಡ್ಲಿ ಹೊತ್ತಳು, ಗಾರೆ ಕಲಸಿದಳು, ಆಮೇಲೆ ಒಂದು ದಿನ ಅಪ್ಪನ ಕೈಯಿಂದ ಕರಣೆ ಇಸಿದುಕೊಂಡಳು. ಇಪ್ಪತ್ತೆರಡಕ್ಕೆಲ್ಲ ನೂಲು ಹಿಡಿದಂತೆ ಗೋಡೆ ಏರಿಸುತ್ತಿದ್ದಳು. ಒಬ್ಬ ಗುತ್ತಿಗೆದಾರ, ಮನೆ ಯಜಮಾನರು ಬಂದಾಗ ನೀನು ಕರಣೆ ಕೆಳಗಿಟ್ಟು ಆಚೆ ನಿಲ್ಲು, ಹೆಂಗಸು ಕಟ್ಟಿದ್ದು ಅಂದರೆ ಅವರಿಗೆ ಧೈರ್ಯ ಬರಲ್ಲ, ಅಂದನಂತೆ. ಇವಳು ಆಚೆ ನಿಲ್ಲಲಿಲ್ಲ. ಅವತ್ತು ಕಟ್ಟಿದ ಮೂರು ಸಾಲು ಇಟ್ಟಿಗೆಯನ್ನು ಹಸಿ ಇರುವಾಗಲೇ ಬಿಡಿಸಿ, ತೊಳೆದು, ಜೋಡಿಸಿಟ್ಟು, "ಈಗ ಧೈರ್ಯ ಇರೋರನ್ನ ಕರೆಸಿ" ಅಂತ ಹೇಳಿ ಮನೆಗೆ ಬಂದಳು. ಮಾರನೆಯ ದಿನ ಗುತ್ತಿಗೆದಾರನೇ ಬಂದು ಕರೆದುಕೊಂಡು ಹೋದ.

ಮದುವೆಯಾದದ್ದು ಕೈಗಡಿಯಾರ ರಿಪೇರಿ ಮಾಡುವವನನ್ನು. ಅವನಿಗೆ ಹುಟ್ಟಿನಿಂದ ಎಡಗಾಲು ಗಿಡ್ಡ. ಮಾತು ಕಡಿಮೆ, ಆದರೆ ಆಡಿದ್ದು ಸರಿಯಾದ ಜಾಗಕ್ಕೆ ತಾಗುತ್ತಿತ್ತು. ಇಬ್ಬರೂ ಸೇರಿ ಯಾರೂ ಮೂಸಿ ನೋಡದ ಒಂದು ಕಡಿದಾದ ಜಾಗ ಹಿಡಿದರು. ರಜೆ ಸಿಕ್ಕಾಗಲೆಲ್ಲ ಕಟ್ಟಿ ಕಟ್ಟಿ ಏಳು ವರ್ಷಕ್ಕೆ ಮನೆಯಾಯಿತು. ಕೆಳಬೀದಿಯ ಬಾಗಿಲು ತೆಗೆದರೆ ಅಡುಗೆಮನೆ. ನಡುವಿನ ಮಹಡಿಯಲ್ಲಿ ಮಲಗುವ ಕೋಣೆ. ಮೇಲಿನದರಲ್ಲಿ ಗಂಡನ ಅಂಗಡಿ, ಅದರ ಬಾಗಿಲು ಮೇಲ್ಬೀದಿಗೆ. ಇವೆಲ್ಲವನ್ನೂ ಹೊಲಿದಂತೆ ಮಧ್ಯೆ ನಲವತ್ತನಾಲ್ಕು ಕಲ್ಲಿನ ಮೆಟ್ಟಿಲು. ಒಂದೊಂದರ ಎತ್ತರವನ್ನೂ ಅವಳು ಗಂಡನ ಎಡಗಾಲನ್ನು ನೋಡಿ ಇಟ್ಟಿದ್ದಳು. ಹತ್ತುವಾಗ ಅವನು ಗೋಡೆ ಹಿಡಿಯಬೇಕಾಗಿರಲಿಲ್ಲ.

ರಸ್ತೆಯಲ್ಲಿ ಹೋದರೆ ಕೆಳಬೀದಿಯಿಂದ ಮೇಲ್ಬೀದಿಗೆ ಮೂರು ತಿರುವು, ಅರ್ಧ ಗಂಟೆಯ ಏದುಸಿರು. ಗಾರೆಯಕ್ಕನ ಮನೆಯೊಳಗಿಂದ ಎರಡು ನಿಮಿಷ. ಹಾಗಾಗಿ ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು, "ಅಕ್ಕಾ, ಹೋಗ್ಲಾ?" ಅಂತ ಕೇಳುತ್ತಿದ್ದರು. ಅವಳು ಒಲೆಯ ಮುಂದಿನಿಂದಲೇ, "ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋಗಿ" ಅನ್ನುತ್ತಿದ್ದಳು. ಬಸುರಿಯರು ಹೋದರು, ಮಂಡಿನೋವಿನವರು ಹೋದರು. ದಿನಾ ಬೆಳಿಗ್ಗೆ ಹೋಗುತ್ತಿದ್ದವಳು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೂ ಮನೆಮನೆಗೆ ಹೋಗಿ ಗಾಯ ತೊಳೆದು, ಸೂಜಿ ಚುಚ್ಚಿ ಬರುವವಳು. ಗಾರೆಯಕ್ಕನ ಜೀವದ ಗೆಳತಿ. ಮೂವತ್ತು ವರ್ಷ ಹೀಗೇ ನಡೆಯಿತು.

ಎಡವಟ್ಟು ಶುರುವಾದದ್ದು ಫೋನಿನ ನಕ್ಷೆಯಿಂದ. ಒಂದು ಮಧ್ಯಾಹ್ನ ಪಾರ್ಸೆಲ್ ಹೊತ್ತವನೊಬ್ಬ ಫೋನು ನೋಡುತ್ತಾ ನೋಡುತ್ತಾ ಸೀದಾ ಅಡುಗೆಮನೆಗೆ ನುಗ್ಗಿದ. "ಯಾರಪ್ಪಾ ನೀನು?" ಅಂದರೆ, "ರೋಡು ಇಲ್ಲೇ ತೋರಿಸ್ತಿದೆ, ಅಮ್ಮಾ" ಅಂದ. ಅವಳಿಗೆ ನಗು ಬಂತು. ನೀರು ಕೊಟ್ಟು ಮೇಲೆ ಕಳಿಸಿದಳು. ಮಾರನೆಯ ದಿನ ನಾಲ್ವರು ಬಂದರು. ಆ ವಾರ ಒಂದು ಬೀರು ಬಂತು, ಅದರ ಹಿಂದೆ ಇಬ್ಬರು ಹೊರುವವರು. ಕೇಳಿ ಹೋಗುವವರು ಒಬ್ಬರೂ ಇಲ್ಲ. ಹದಿನೈದನೆಯ ದಿನವೋ ಏನೋ, ಚಕ್ರದ ಪೆಟ್ಟಿಗೆ ಎಳೆದುಕೊಂಡು ಬಂದ ಗಂಡಹೆಂಡತಿ, ತೊಳೆದು ಬೋರಲು ಹಾಕಿದ್ದ ಪಾತ್ರೆಗಳ ಮುಂದೆ ನಿಂತು, "ದಾರೀಲಿ ಯಾಕ್ರೀ ಪಾತ್ರೆ ಇಟ್ಟಿದ್ದೀರಾ, ಸ್ವಲ್ಪ ಪಕ್ಕಕ್ಕಿಡಿ" ಅಂದರು.

ಗಾರೆಯಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಪಾತ್ರೆ ಅದರ ಜಾಗದಲ್ಲೇ ಇದೆ. ನೀವೇ ನಿಮ್ಮ ಜಾಗದಲ್ಲಿಲ್ಲ" ಅಂದು, ಅವರನ್ನು ಪೆಟ್ಟಿಗೆ ಸಮೇತ ಹೊರಗೆ ಹಾಕಿ ಚಿಲಕ ಜಡಿದಳು.

ಆ ಗಂಡಹೆಂಡತಿ ಸುಮ್ಮನಿರುವ ಪೈಕಿಯಲ್ಲ, ನಗರಸಭೆಗೆ ದೂರು ಕೊಟ್ಟರು. ವಾರದೊಳಗೆ ಬಾಗಿಲಿಗೆ ನೋಟೀಸು ಬಂತು: ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದ್ದೀರಿ, ಕಾರಣ ಹೇಳಿ. ಗಾರೆಯಕ್ಕ ಇಸ್ತ್ರಿ ಸೀರೆ ಉಟ್ಟು ಕಚೇರಿಗೆ ಹೋದಳು. ಅಲ್ಲಿದ್ದದ್ದು ಅಳತೆ ಸಾಹೇಬ. ಬಡಾವಣೆಯ ಗಡಿ, ರಸ್ತೆ, ಚರಂಡಿ ಎಲ್ಲ ಅವನ ಕೈಕೆಳಗೆ. ಕಂಪ್ಯೂಟರಿನ ಪರದೆ ಅವಳ ಕಡೆ ತಿರುಗಿಸಿ ತೋರಿಸಿದ. ಅವಳ ಮನೆಯ ಮಧ್ಯೆ ಒಂದು ಗೆರೆ ಹಾದು ಹೋಗಿತ್ತು.

"ನೋಡಿ ಅಮ್ಮಾ, ಇಲ್ಲೂ ದಾರಿ ಅಂತಿದೆ. ಮೇಲಾಗಿ ಮೂವತ್ತು ವರ್ಷದಿಂದ ಜನ ಓಡಾಡಿದ್ದಾರೆ. ನೀವೇ ಬಿಟ್ಟಿದ್ದೀರಿ. ಇಷ್ಟು ವರ್ಷ ಓಡಾಡಿದ ಮೇಲೆ ಅದು ದಾರಿನೇ."

"ನಾನು ಬಿಟ್ಟೆ ಅಂತ ಅವರು ಓಡಾಡಿದ್ರು ಸಾರ್. ಅವರು ಓಡಾಡಿದ್ರು ಅಂತ ಈಗ ನಾನು ಬಿಡಬೇಕಾ?"

"ಮಾತಿಗೆ ಮಾತು ಬೇಡ. ಸೋಮವಾರ ಬಂದು ಮೆಟ್ಟಿಲು ಅಳತೆ ಮಾಡ್ಕೊಂಡು, ಬೋರ್ಡು ಹಾಕ್ತೀವಿ. ಎರಡೂ ಬಾಗಿಲಿನ ಕದ ತೆಗೆಸಿಡಿ."

"ಕದ ತೆಗೆಸಿದ್ರೆ ನಾವು ಬೀದೀಲಿ ಇದ್ದಂಗಾಗಲ್ವಾ?"

"ಅದು ನೀವು ಕಟ್ಟೋವಾಗ ಯೋಚನೆ ಮಾಡಬೇಕಿತ್ತು."

ಗಾರೆಯಕ್ಕ ಆ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿದಳು. "ಸರಿ, ಸೋಮವಾರ ಬನ್ನಿ" ಅಂದು ಎದ್ದಳು.

ಅವತ್ತು ಗುರುವಾರ. ಮನೆಗೆ ಬಂದವಳೇ ಸೀರೆ ಬದಲಿಸಿ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಸುತ್ತಿಗೆ, ಉಳಿ, ಹಾರೆ ಹೊರತೆಗೆದಳು. ಸದ್ದು ಕೇಳಿ ಗಂಡ ಮೇಲಿನ ಅಂಗಡಿಯಿಂದ ಇಳಿದು ನಡುಮಹಡಿಗೆ ಬಂದು ಬಗ್ಗಿ ನೋಡಿದ.

"ಏನೇ ಇದು?"

"ಈ ಹನ್ನೊಂದು ಮೆಟ್ಟಿಲು ಕೀಳ್ತಿದ್ದೀನಿ. ಅಡುಗೆಮನೆಯಿಂದ ನೀವು ನಿಂತಿರೋ ತನಕ. ನೀವು ಯಾವ ಕಡೆ ಇರ್ತೀರಿ, ಮೇಲಾ, ಕೆಳಗಾ? ಬೇಗ ಹೇಳಿ."

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಹಣೆಗೇರಿಸಿ ಯೋಚಿಸಿದ. "ಅಂಗಡಿ ಮೇಲಿದೆ."

"ಹಾಗಾದ್ರೆ ಮೇಲಿರಿ."

"ಊಟ?"

"ಹಗ್ಗ ಇದೆ, ಬುಟ್ಟಿ ಇದೆ."

"ಬಚ್ಚಲು ಎರಡೂ ಕಡೆ ಕಟ್ಟಿದ್ದು ಒಳ್ಳೇದಾಯ್ತು" ಅಂದ ಅವನು. ಆಮೇಲೆ ಮೆಲ್ಲಗೆ, "ಕಲ್ಲು ಒಡೀಬೇಡ ಕಣೇ" ಅಂತ ಸೇರಿಸಿದ.

ಒಡೆಯಲಿಲ್ಲ. ಒಂದೊಂದು ಕಲ್ಲನ್ನೂ ಸುತ್ತಲಿನ ಗಾರೆ ಕೆತ್ತಿ, ಹಾರೆಯಿಂದ ಮೀಟಿ, ಗೋಣಿಯ ಮೇಲೆ ಜಾರಿಸಿ ಇಳಿಸಿದಳು. ಸೀಮೆಸುಣ್ಣದಲ್ಲಿ ನಂಬರು ಬರೆದು ಅಡುಗೆಮನೆಯ ಗೋಡೆಗೆ ಒರಗಿಸಿದಳು. ಮೂರು ದಿನ ಹಿಡಿಯಿತು. ಬೆರಳೊಂದು ಜಜ್ಜಿತು, ಸೊಂಟ ಹಿಡಿಯಿತು. ಕೊನೆಯ ಕಲ್ಲು ಇಳಿಸಿದ ಮೇಲೆ ನೆಲದ ಮೇಲೆ ಕುಳಿತು ಅತ್ತಳು. ಅದು ನೋವಿಗೆ ಬಂದ ಅಳುವಲ್ಲ ಅಂತ ಮೇಲಿದ್ದವನಿಗೆ ಗೊತ್ತಿತ್ತು. ಅವನು ಬುಟ್ಟಿಯಲ್ಲಿ ತನ್ನ ಕರವಸ್ತ್ರ ಇಟ್ಟು ಕೆಳಗೆ ಬಿಟ್ಟ.

ಸೋಮವಾರ ಅಳತೆ ಸಾಹೇಬ ಟೇಪು, ಬೋರ್ಡು, ಇಬ್ಬರು ಸಹಾಯಕರೊಂದಿಗೆ ಬಂದ. ಹಿಂದೆಯೇ ಸೋಪಿನ ನೊರೆ ಹಚ್ಚಿಕೊಂಡ ಗಿರಾಕಿಯೊಂದಿಗೆ ರೇಡಿಯೋ ಕೂಡ ಬಂದ. ಅಡುಗೆಮನೆಯ ಹಿಂದೆ ಆಳೆತ್ತರಕ್ಕೂ ಮೀರಿದ ಬರಿಯ ಬಂಡೆಗೋಡೆ. ಅದರ ತುದಿಯಲ್ಲಿ ಒಂದು ಕಿಂಡಿ, ಕಿಂಡಿಯಲ್ಲಿ ಗಡಿಯಾರದವನ ಮುಖ.

"ಮೆಟ್ಟಿಲೆಲ್ಲಿ?" ಅಂದ ಸಾಹೇಬ.

"ಯಾವ ಮೆಟ್ಟಿಲು?" ಅಂದಳು ಗಾರೆಯಕ್ಕ.

"ತಮಾಷೆ ಮಾಡ್ತೀರಾ? ಸಾರ್ವಜನಿಕ ದಾರಿ ಕೆಡವಿದ್ದಕ್ಕೆ ಕೇಸು ಹಾಕಬಹುದು, ಗೊತ್ತಾ?"

"ಹಾಕಿ ಸಾರ್. ಇದು ನಮ್ಮ ಅಡುಗೆಮನೆ, ಅದು ಒಲೆ, ಮೇಲೆ ಇರೋರು ನಮ್ಮ ಯಜಮಾನರು. ಕಂಡಿದ್ದನ್ನ ಕಂಡಂಗೆ ಬರ್ಕೊಳ್ಳಿ."

ಅಷ್ಟರಲ್ಲಿ ಮೇಲಿನಿಂದ ಬುಟ್ಟಿ ಇಳಿಯಿತು. ಗಾರೆಯಕ್ಕ ಅದರಲ್ಲಿ ಚಹಾದ ಲೋಟ ಇಟ್ಟಳು. ಬುಟ್ಟಿ ಸಾಹೇಬನ ಮೂಗಿನ ಮುಂದೆಯೇ ತೂಗುತ್ತಾ ಮೇಲೇರಿತು. ನೊರೆ ಹಚ್ಚಿಕೊಂಡ ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬ ಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಊರು ಎರಡು ಪಾಲಾಯಿತು. ಕೆಲವರು ಬೆನ್ನು ತಟ್ಟಿದರು. ಆದರೆ ಈಗ ಮೂರು ತಿರುವು ಸುತ್ತಬೇಕಾಗಿ ಬಂದವರು, ಮುದುಕಿಗೆ ಕೊಬ್ಬು ಅಂತ ಆಡಿಕೊಂಡರು. ಅದೆಲ್ಲ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತಾಗಿದ್ದು ನರ್ಸಮ್ಮನ ಮಾತು.

"ನಿನ್ನ ಹಟಕ್ಕೆ ನನ್ನ ಕಾಲು ಯಾಕೆ ಸವೀಬೇಕು?" ಅಂತ ನರ್ಸಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಬೆವರಿ ಒದ್ದೆಯಾಗಿದ್ದಳು.

"ನಿನಗೆ ನಾನು ಕೊಟ್ಟಿದ್ದೆ. ಅವರು ನನ್ನಿಂದ ಕಿತ್ತು ನಿನಗೆ ಕೊಡ್ತೀವಿ ಅಂದ್ರೆ ಹೆಂಗೆ ಒಪ್ಪಲಿ?"

"ನನ್ನ ಹತ್ರ ಆ ಮಾತೆಲ್ಲ ಬೇಡ. ಮೇಲ್ಬೀದಿಯ ಅಜ್ಜಿ ಹಾಸಿಗೆ ಹಿಡಿದು ಬೆನ್ನೆಲ್ಲ ಹುಣ್ಣಾಗಿದೆ. ಅವಳಿಗೆ ಹೋಗಿ ಹೇಳು."

ಅಷ್ಟಾದರೂ ಗಾರೆಯಕ್ಕ ಮೆಟ್ಟಿಲು ಮಾತ್ರ ಕಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಏಳಕ್ಕೆ ನರ್ಸಮ್ಮನ ಮನೆ ಮುಂದೆ ಹೋಗಿ ನಿಂತು, ಅವಳ ಚೀಲ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡಳು. ಮೂರು ತಿರುವು ಜೊತೆಗೆ ಹತ್ತಿದಳು, ಅಜ್ಜಿಯನ್ನು ಹೊರಳಿಸಲು ಕೈ ಕೊಟ್ಟಳು. ದಿನಾ ಹೀಗೇ. ಮೊದಲ ತಿಂಗಳು ನರ್ಸಮ್ಮ ಮಾತೇ ಆಡಲಿಲ್ಲ. ಗಾರೆಯಕ್ಕ ಅಜ್ಜಿಯ ಮನೆಯಿಂದ ಹಾಗೇ ಮೇಲ್ಬೀದಿಯ ತನ್ನ ಮನೆಯ ಅಂಗಡಿಬಾಗಿಲಿಗೆ ಹೋಗಿ, ಗಂಡನ ಹಾಸಿಗೆ ಕೊಡವಿ, ಅವನ ಕಾಲಿಗೆ ಎಣ್ಣೆ ತಿಕ್ಕಿ, ಮತ್ತೆ ಸುತ್ತು ಹಾಕಿಕೊಂಡು ತನ್ನದೇ ಅಡುಗೆಮನೆಗೆ ಇಳಿಯುತ್ತಿದ್ದಳು. ಗಂಡಹೆಂಡತಿಯ ಜಗಳ ಈಗ ಕಿಂಡಿಯ ಮೂಲಕ ಆಗುತ್ತಿದ್ದುದರಿಂದ ಕೆಳಬೀದಿಗೆಲ್ಲ ಕೇಳುತ್ತಿತ್ತು. ರೇಡಿಯೋಗೆ ಹಬ್ಬವೋ ಹಬ್ಬ.

ಎರಡನೆಯ ತಿಂಗಳಲ್ಲಿ ಒಂದು ದಿನ ಕೊನೆಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ನರ್ಸಮ್ಮ ಕೆಳಗೆ ಕೈ ತೋರಿಸಿದಳು. ಗಾರೆಯಕ್ಕನ ಮನೆಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಓಣಿಯಗಲದ ಇಳಿಜಾರು. ಅಲ್ಲಿ ಮುರಿದ ಕುರ್ಚಿ, ಹಳೇ ಟಯರು, ಕಸ.

"ಅದು ಯಾರ ಜಾಗ?" ಅಂದಳು. ತಿಂಗಳ ನಂತರದ ಮೊದಲ ಮಾತು.

"ನಗರಸಭೇದೇ. ನಾವು ಮನೆ ಕಟ್ಟುವಾಗ ಗಡಿಕಲ್ಲು ನಾನೇ ನೋಡಿದ್ದೆ."

"ಅಲ್ಲಿ ಯಾಕೆ ಮೆಟ್ಟಿಲು ಕಟ್ಟಿಲ್ಲ?"

"ಯಾಕೆ ಕಟ್ತಾರೆ? ಇಷ್ಟು ವರ್ಷ ನಾನಿದ್ನಲ್ಲ."

ನರ್ಸಮ್ಮ ಚೀಲ ವಾಪಸ್ಸು ಇಸಿದುಕೊಂಡಳು. "ನಡಿ, ರೇಡಿಯೋ ಹತ್ರ ಹೋಗೋಣ" ಅಂದಳು.

ಆಮೇಲಿನ ಐದು ತಿಂಗಳು ಅಳತೆ ಸಾಹೇಬನಿಗೆ ನೆಮ್ಮದಿ ಇರಲಿಲ್ಲ. ಮೊದಲು ಆ ಇಳಿಜಾರಿನಲ್ಲಿ ಮೆಟ್ಟಿಲು ಕಟ್ಟಿಕೊಡಿ ಅಂತ ಅರ್ಜಿ ಹೋಯಿತು, ಆಮೇಲೆ ಅರ್ಜಿಯ ಹಿಂದೆ ಜನ ಹೋದರು. ಆಡಿಕೊಂಡಿದ್ದವರೇ ಈಗ ಮುಂದೆ ನಿಂತರು, ಏಕೆಂದರೆ ಸವೆಯುತ್ತಿದ್ದದ್ದು ಅವರ ಚಪ್ಪಲಿ. ನರ್ಸಮ್ಮ ಅಜ್ಜಿಯ ಹುಣ್ಣಿನ ವಿವರವನ್ನು ಸಾಹೇಬನ ಮೇಜಿನ ಮುಂದೆ ನಿಂತು, ಅವನು ಊಟದ ಡಬ್ಬಿ ತೆಗೆಯುವ ಹೊತ್ತಿಗೇ ಸರಿಯಾಗಿ ಹೇಳುತ್ತಿದ್ದಳು. ಗಾರೆಯಕ್ಕ ಗಡಿಕಲ್ಲಿನ ಸುತ್ತ ಬೆಳೆದ ಪೊದೆ ಕಡಿದು, ಕಲ್ಲನ್ನು ತೊಳೆದು, ಬಂದವರಿಗೆಲ್ಲ ತೋರಿಸಿದಳು. ಸಾಹೇಬ ಒಮ್ಮೆ, "ನಿಮ್ಮ ಮೆಟ್ಟಿಲು ಮತ್ತೆ ಹಾಕಿಬಿಡಿ ಅಮ್ಮಾ, ಬೋರ್ಡು ಚಿಕ್ಕದು ಹಾಕ್ತೀವಿ" ಅಂತ ಗೋಗರೆದ. ಅವಳು ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಕಾಗದ ಬಂತು. ಸ್ಥಳದಲ್ಲಿ ಯಾವುದೇ ದಾರಿ ಕಂಡುಬಂದಿಲ್ಲವಾದ್ದರಿಂದ ನೋಟೀಸು ಹಿಂಪಡೆಯಲಾಗಿದೆ, ಅಂತ ಬರೆದಿತ್ತು. ಅದರ ಹಿಂದೆಯೇ ಇಳಿಜಾರಿನಲ್ಲಿ ಮೆಟ್ಟಿಲು ಕಟ್ಟುವ ಮಂಜೂರಾತಿ. ಫೋನಿನ ನಕ್ಷೆಯ ಗೆರೆ ಯಾವಾಗ ಅಳಿಯಿತೋ ಯಾರಿಗೂ ಗೊತ್ತಿಲ್ಲ.

ಗಾರೆಯಕ್ಕ ಕಾಗದವನ್ನು ಎರಡು ಸಲ ಓದಿಸಿ ಕೇಳಿಸಿಕೊಂಡು, ಮಾರನೆಯ ದಿನವೇ ಗಾರೆ ಕಲಸಿದಳು. ನಂಬರು ನೋಡಿಕೊಂಡು ಹನ್ನೊಂದು ಕಲ್ಲನ್ನೂ ಕೂರಿಸಿದಳು. ಕಲ್ಲೆತ್ತಲು ಮಾತ್ರ ರೇಡಿಯೋ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಗಾರೆ ಬಿಗಿಯುವ ತನಕ ಯಾರೂ ತುಳಿಯಕೂಡದು ಅಂತ ವಾರ ಕಾಯಿಸಿದಳು. ಎಂಟನೆಯ ದಿನ ಗಂಡ ಕೆಳಗಿಳಿದು ಬಂದು, ಏಳು ತಿಂಗಳ ಮೇಲೆ ಒಲೆಯ ಪಕ್ಕ ಕುಳಿತು ಬಿಸಿಬಿಸಿ ಉಂಡ. "ಬುಟ್ಟೀಲಿ ಬಂದಿದ್ದಕ್ಕಿಂತ ಉಪ್ಪು ಕಡಿಮೆ" ಅಂದ. ಬೈಸಿಕೊಂಡ.

ಹೊರಗಿನ ಮೆಟ್ಟಿಲ ಕೆಲಸ ಮಳೆಗೆ ಮುಂಚೆ ಶುರುವಾಯಿತು. ಗುತ್ತಿಗೆ ಹಿಡಿದವನು ಹೊಸಬ. ಗಾರೆಯಕ್ಕ ದಿನಾ ಒಂದು ಸ್ಟೂಲು ಹಾಕಿಕೊಂಡು ಎದುರು ಕೂರುತ್ತಿದ್ದಳು. ಮೊದಲ ಹತ್ತು ಮೆಟ್ಟಿಲು ಮುಗಿದ ದಿನ ಎದ್ದು ಹೋಗಿ ಮೇಲಿನದರ ಮೇಲೆ ಒಂದು ಚೊಂಬು ನೀರು ಸುರಿದಳು. ನೀರು ಮುಂದಕ್ಕೆ ಹರಿಯದೆ ಮೆಟ್ಟಿಲ ಒಳಮೂಲೆಯಲ್ಲೇ ನಿಂತಿತು.

"ಇದು ಪಾಚಿ ಕಟ್ಟತ್ತೆ. ಮೊದಲ ಮಳೆಗೇ ಯಾರೋ ಒಬ್ರು ಸೊಂಟ ಮುರ್ಕೋತಾರೆ" ಅಂದಳು.

"ಇದನ್ನ ಸಾಹೇಬರು ನೋಡಿ ಪಾಸು ಮಾಡಿದ್ದಾರೆ ಅಜ್ಜೀ" ಅಂದ ಗುತ್ತಿಗೆದಾರ.

"ಸಾಹೇಬರು ನೀರು ಸುರಿದು ನೋಡಿದ್ರಾ?"

ಅವಳು ಇನ್ನೊಂದು ಚೊಂಬು ತುಂಬಿಸಿಕೊಂಡು ಬಂದು ಒಂಬತ್ತನೆಯದರ ಮೇಲೆ ಸುರಿದಳು, ಆಮೇಲೆ ಎಂಟನೆಯದರ ಮೇಲೆ. ಏಳನೆಯದಕ್ಕೆ ಬರುವ ಹೊತ್ತಿಗೆ ನರ್ಸಮ್ಮ ಕೊಡ ಹಿಡಿದು ಬಂದಳು, ರೇಡಿಯೋ ಬಕೆಟ್ಟು ತಂದ. ಗುತ್ತಿಗೆದಾರ ಪಿಳಿಪಿಳಿ ಕಣ್ಣು ಬಿಟ್ಟು ಎಲ್ಲರನ್ನೂ ನೋಡಿ, ಕೆಲಸದವರ ಕಡೆ ತಿರುಗಿ, "ಹಾರೆ ತಗೊಳ್ರಪ್ಪಾ" ಅಂದ. ಗಾರೆಯಕ್ಕ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.