ಪ್ರಾರ್ಥನೆ ಹೊತ್ತಿಗೆ ಆರಿದ ಪರದೆ

ಫುವಾತಿನೊಗೆ ಅರವತ್ತೊಂದು ವರ್ಷ. ಸವಾಯಿ ದ್ವೀಪದ ಆ ಕರಾವಳಿಯ ಹಳ್ಳಿಯಲ್ಲಿ ಕೆಟ್ಟು ಕೂತ ಯಾವ ಯಂತ್ರವೂ ಅವಳ ಕೈಗೆ ಬಾರದೆ ಗುಜರಿಗೆ ಹೋದದ್ದಿಲ್ಲ. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುತ್ತಿದ್ದವಳು, ಗಂಡ ತೀರಿಕೊಂಡ ಮೇಲೆ ಅವನ ರೇಡಿಯೊ ಅಂಗಡಿ ಹಿಡಿದಳು. ಈಗ ಲ್ಯಾಪ್‌ಟಾಪೂ ರಿಪೇರಿ ಮಾಡುತ್ತಾಳೆ. ಕುತ್ತಿಗೆಗೆ ದಾರದಲ್ಲಿ ಕಟ್ಟಿಕೊಂಡ ಸಣ್ಣ ಟಾರ್ಚು ಸ್ನಾನಕ್ಕೆ ಹೋದಾಗ ಮಾತ್ರ ಇಳಿಯುತ್ತದೆ. ನಾಡಿ ನೋಡದೆ ಯಂತ್ರ ಸತ್ತಿದೆ ಎನ್ನುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ.

ಗುರುವಾರ ಮಧ್ಯಾಹ್ನ ಶಾಲೆಯ ಟೀಚರ್ ವಾಯೊತು, ಬಟ್ಟೆಯಲ್ಲಿ ಸುತ್ತಿದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಅತ್ತು ಅತ್ತು ಕಣ್ಣು ಊದಿತ್ತು.

"ಸತ್ತೋಗಿದೆ ಅಕ್ಕಾ. ಆನ್ ಮಾಡಿದ್ರೆ ಬುರ್ ಅನ್ನತ್ತೆ, ಪರದೆ ಮಾತ್ರ ಕಪ್ಪು."

"ಬುರ್ ಅನ್ನೋದು ಎಲ್ಲಾದ್ರೂ ಸತ್ತಿರತ್ತಾ? ಮೊದ್ಲು ಕೂತ್ಕೋ, ಕೋಕೋ ಕುಡಿ. ಆಮೇಲೆ ಏನಾಯ್ತು ಹೇಳು."

ಆದದ್ದು ಇಷ್ಟು. ಸೋಮವಾರ ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ರಾಜಧಾನಿಯ ಶಿಕ್ಷಣ ಕಚೇರಿಯವರು ಹೇಳದೆ ಕೇಳದೆ ಶಾಲೆಯ ಲ್ಯಾಪ್‌ಟಾಪಿಗೆ ಹೊಸ ಅಪ್‌ಡೇಟ್ ಕಳಿಸಿದರು. ‘ಆರಿಸಬೇಡಿ’ ಎಂದು ಪರದೆಯ ಮೇಲೆ ಬಂತು. ನೂರಕ್ಕೆ ನಲವತ್ತು ಆಗುವಷ್ಟರಲ್ಲಿ ಸಂಜೆ ಪ್ರಾರ್ಥನೆಯ ‘ಸಾ’ ಗಂಟೆ ಬಡಿಯಿತು. ಮರಕ್ಕೆ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರಿಗೆ ಮುದುಕ ಪೊವುನಿಯು ಸುತ್ತಿಗೆಯಿಂದ ಬಡಿದನೆಂದರೆ ಊರಿಗೆ ಊರೇ ನಿಲ್ಲಬೇಕು. ರಸ್ತೆಯಲ್ಲಿದ್ದವರು ಮನೆ ಸೇರಬೇಕು, ಟೀವಿ ರೇಡಿಯೊ ಎಲ್ಲ ಬಂದ್ ಆಗಬೇಕು. ಪ್ರಾರ್ಥನೆ ಮುಗಿದ ಗಂಟೆ ಬಡಿಯುವವರೆಗೆ ಯಾರೂ ಅಲ್ಲಾಡುವಂತಿಲ್ಲ. ತಪ್ಪಿದವರು ಊರ ಹಿರಿಯರಿಗೆ ಹಂದಿ ದಂಡ ಕೊಡಬೇಕು. ವಾಯೊತು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಅಂದೂ ಮಾಡಿದಳು. ಗುಂಡಿ ಒತ್ತಿ ಲ್ಯಾಪ್‌ಟಾಪ್ ಆರಿಸಿ, ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದಳು. ಪ್ರಾರ್ಥನೆ ಮುಗಿಸಿ ಮತ್ತೆ ಆನ್ ಮಾಡಿದರೆ ಪರದೆ ಕಪ್ಪು.

ಅದರೊಳಗೆ ಹತ್ತೊಂಬತ್ತು ಮಕ್ಕಳ ಇಡೀ ವರ್ಷದ ಕೆಲಸವಿತ್ತು. ನಾಳೆ ಶುಕ್ರವಾರ ಮಧ್ಯಾಹ್ನದೊಳಗೆ ರಾಜಧಾನಿಗೆ ಕಳಿಸದಿದ್ದರೆ ಎಲ್ಲರಿಗೂ ಸೊನ್ನೆ. ಇನ್ನೊಂದು ಪ್ರತಿ ಇದ್ದ ಪೆನ್‌ಡ್ರೈವನ್ನು ಎರವಲು ಒಯ್ದ ಚರ್ಚಿನ ಹಾಡುಗಾರರು ಎಲ್ಲ ಅಳಿಸಿ ತಮ್ಮ ಹಾಡು ತುಂಬಿಸಿಕೊಂಡಿದ್ದರು.

"ಕಚೇರಿಯಲ್ಲಿ ಅಲಪತಿ ಏನಂದ?" ಎಂದು ಫುವಾತಿನೊ ಕೇಳಿದಳು. ಅಲಪತಿ ಹೊರಗಿನವನಲ್ಲ. ಗಂಟೆ ಬಡಿಯುವ ಪೊವುನಿಯುವಿನ ಎರಡನೇ ಮಗ, ಈಗ ರಾಜಧಾನಿಯ ಆ ಕಚೇರಿಯಲ್ಲಿ ಕಂಪ್ಯೂಟರುಗಳ ಸಾಹೇಬ.

"ಫಾರ್ಮ್ಯಾಟ್ ಮಾಡ್ಬೇಕು, ಒಳಗಿದ್ದದ್ದೆಲ್ಲಾ ಹೋಗತ್ತೆ ಅಂದ್ರು. ತಪ್ಪು ನಂದೇ ಅಂತ ಇದನ್ನ ತುಂಬಿ ಕಳಿಸ್ಬೇಕಂತೆ."

ಅವಳು ಕೊಟ್ಟ ಹಾಳೆಯಲ್ಲಿ ‘ಆರಿಸಲು ಕಾರಣ’ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ‘ನನ್ನ ಬೇಜವಾಬ್ದಾರಿ’ ಎಂದು ಬರೆದಿತ್ತು. ಅದರ ಕೆಳಗೆ ‘ಆರಿಸಲು ಹೇಳಿದವರು’ ಎಂಬ ಜಾಗ ಖಾಲಿ ಇತ್ತು.

ಫುವಾತಿನೊಗೆ ಮೈಯೆಲ್ಲ ಉರಿದುಹೋಯಿತು.

"ಬೇಜವಾಬ್ದಾರಿಯಂತೆ! ಯಂತ್ರ ಮಾಡಿದ ಪರದೇಶದೋರಿಗೆ ನಮ್ಮ ಸಾ ಗೊತ್ತಿಲ್ಲ, ಬಿಡು. ಇವನಿಗೇನಾಗಿತ್ತು ದಾಡಿ? ಅಪ್ಪ ಗಂಟೆ ಹೊಡೆದ್ರೆ ಸಮುದ್ರದಿಂದ ಒದ್ದೆ ಚಡ್ಡೀಲೇ ಮನೆಗೆ ಓಡ್ತಿದ್ದೋನು! ಬೆಳಗ್ಗೆ ಹತ್ತು ಗಂಟೆಗೆ ಕಳಿಸಿದ್ರೆ ಅವನ ಗಂಟೇನು ಹೋಗ್ತಿತ್ತು? ಈಗ ನಿನ್ನ ತಲೆ ಮೇಲೆ ಗೂಬೆ ಕೂರಿಸ್ತಾನಾ?"

"ನಾನೇ ಆರಿಸಿದ್ದಲ್ವಾ ಅಕ್ಕಾ..."

"ಸುಮ್ನಿರು. ನಿನ್ನ ಈ ಮೆತ್ತನೆ ಬುದ್ಧಿ ನೋಡೇ ಅವರು ಹೀಗಾಡೋದು."

ಆಮೇಲೆ ಅವಳು ಮಾತು ಬಿಟ್ಟು ಕೆಲಸಕ್ಕಿಳಿದಳು. ಲ್ಯಾಪ್‌ಟಾಪ್ ಆನ್ ಮಾಡಿ ಅದರ ಬೆನ್ನಿಗೆ ಕಿವಿಯಿಟ್ಟಳು, ಫ್ಯಾನು ತಿರುಗುತ್ತಿತ್ತು. ದೊಡ್ಡಕ್ಷರದ ಕ್ಯಾಪ್ಸ್ ಲಾಕ್ ಕೀಲಿ ಒತ್ತಿದರೆ ಅದರ ದೀಪ ಹತ್ತಿತು, ಮತ್ತೆ ಒತ್ತಿದರೆ ಆರಿತು. "ನೋಡು, ಮಿದುಳು ಇದೆ. ಅಲಪತಿಗಿಂತ ಚೆನ್ನಾಗೇ ಇದೆ." ಟಾರ್ಚನ್ನು ಓರೆಯಾಗಿ ಹಿಡಿದು ಪರದೆ ನೋಡಿದಳು. ಒಳದೀಪ ಮಾತ್ರ ಕೆಟ್ಟಿದ್ದರೆ ಮಸುಕು ಚಿತ್ರವಾದರೂ ಕಾಣಬೇಕಿತ್ತು, ಕಾಣಲಿಲ್ಲ. ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಪೂರ್ತಿ ಆರಿಸಿ ಮತ್ತೆ ಎಬ್ಬಿಸಿದಳು. ಅದೇ ಕಪ್ಪು. ಹಾಗೆ ಮತ್ತೆ ಮತ್ತೆ ಮಾಡಿ ನೋಡುವಷ್ಟರಲ್ಲಿ ಸಂಜೆಯಾಗುತ್ತ ಬಂತು, ವಾಯೊತು ಮತ್ತೆ ಮೂಗು ಒರೆಸತೊಡಗಿದಳು.

ಕೊನೆಗೆ ಫುವಾತಿನೊ ಅಂಗಡಿಯ ಮೂಲೆಯಲ್ಲಿದ್ದ ಟೀವಿಯ ಧೂಳು ಹೊಡೆದು, ಲ್ಯಾಪ್‌ಟಾಪಿನಿಂದ ಅದಕ್ಕೆ ಕೇಬಲ್ ಎಳೆದಳು. ಟೀವಿ ಎರಡು ಸಲ ಮಿಟುಕಿತು. ನೀಲಿ ಪರದೆ ಬಂತು, ವಾಯೊತುವಿನ ಹೆಸರು ಬಂತು.

ವಾಯೊತು ಕಿರುಚಿಯೇಬಿಟ್ಟಳು. ಅಪ್‌ಡೇಟ್ ಅರ್ಧಕ್ಕೆ ನಿಂತು, ಲ್ಯಾಪ್‌ಟಾಪು ತನ್ನ ಪರದೆಗೆ ಚಿತ್ರ ಕಳಿಸುವುದನ್ನು ಮಾತ್ರ ಮರೆತಿತ್ತು. ಒಳಗಿನದೆಲ್ಲ ಇದ್ದ ಹಾಗೇ ಇತ್ತು. ಇದನ್ನು ನೋಡಲು ಒಂದು ಕೇಬಲ್ ಸಾಕಿತ್ತು. ಒಂದು ಕೇಬಲ್ ಹಾಕಿ ನೋಡಿ ಎನ್ನುವ ಸೌಜನ್ಯವಿಲ್ಲದವನು ಹತ್ತೊಂಬತ್ತು ಮಕ್ಕಳ ವರ್ಷಕ್ಕೆ ಎಳ್ಳುನೀರು ಬಿಡಲು ಹೊರಟಿದ್ದ.

ಫುವಾತಿನೊ ತನ್ನ ಪೆನ್‌ಡ್ರೈವ್ ಚುಚ್ಚಿದಳು. ಕಡತಗಳು ಒಂದೊಂದಾಗಿ ತೆವಳತೊಡಗಿದವು. ಏಳನೆಯದು ಮುಗಿಯುವಾಗ ಹೊರಗೆ ಸಿಲಿಂಡರು ಠಣ್ಣೆಂದಿತು.

ವಾಯೊತುವಿನ ಕೈ ತಾನಾಗಿಯೇ ಗುಂಡಿಯತ್ತ ಹೋಯಿತು. ಫುವಾತಿನೊ ಆ ಕೈಯನ್ನು ಹಿಡಿದುಕೊಂಡಳು. ಅರವತ್ತೊಂದು ವರ್ಷದಲ್ಲಿ ಒಂದು ದಿನವೂ ಅವಳು ಸಾ ಮುರಿದವಳಲ್ಲ. ರಸ್ತೆಯಲ್ಲಿ, ಸಾ ಮುರಿದವರನ್ನು ಹಿಡಿಯುವ ಊರ ಕಾವಲಿನವರು ಸಾಲಾಗಿ ನಿಲ್ಲುತ್ತಿದ್ದರು. ಅವಳು ಹೆಗಲ ಮೇಲಿದ್ದ ಬಟ್ಟೆ ತೆಗೆದು ಬೆಳಕು ಕಾಣದಂತೆ ಟೀವಿಗೆ ಹೊದಿಸಿ, ವಾಯೊತುವನ್ನು ಚಾಪೆಗೆ ಎಳೆದು ಕೂರಿಸಿದಳು.

"ದೇವರೇ," ಎಂದು ಮೆಲ್ಲಗೆ ಶುರುಮಾಡಿದಳು, "ಇದು ಮಕ್ಕಳ ಕೆಲಸ, ನೋಡ್ಕೋ. ಹಿರಿಯರ ಹಂದಿ ನಾನು ಕೊಡ್ತೀನಿ."

ಆಮೆನ್ ಎಂದು ಇಬ್ಬರೂ ಬಟ್ಟೆ ಸರಿಸಿ ನೋಡಿದರು. ವಾಯೊತು ಹೆಸರುಗಳ ಮೇಲೆ ಬೆರಳಿಟ್ಟು ಎಣಿಸಿದಳು. ಹತ್ತೊಂಬತ್ತೂ ಇದ್ದವು.

ಪ್ರಾರ್ಥನೆ ಮುಗಿದ ಗಂಟೆ ಇನ್ನೂ ಬಡಿದಿರಲಿಲ್ಲ. ಆಗಲೇ ವಾಯೊತುವಿನ ಫೋನು ಗುಂಯ್‌ಗುಟ್ಟಿತು. ಅಲಪತಿ! ಈ ಹೊತ್ತಿನಲ್ಲಿ ಈ ಊರಿಗೆ ಫೋನ್ ಮಾಡುವಷ್ಟು ಸಾ ಮರೆತಿದ್ದಾನೆ. ಒಂದು ತಪ್ಪಾಗಿದೆ, ಎರಡಾಗಲಿ ಎಂದು ಫುವಾತಿನೊ ಫೋನು ಕಿತ್ತುಕೊಂಡು ಹಲೋ ಎಂದಳು.

"ಓ, ಚಿಕ್ಕಮ್ಮನಾ? ಟೀಚರಿಗೆ ಹೇಳಿ, ಫಾರಂ ಇನ್ನೂ ಬಂದಿಲ್ಲ. ಒಂದು ಜಾಗಾನೂ ಖಾಲಿ ಬಿಡೋ ಹಾಗಿಲ್ಲ."

"ತುಂಬ್ತಾ ಇದೀನಿ ಕಣಪ್ಪ, ಕೇಳಿಸ್ಕೋ." ಅವಳು ‘ಬೇಜವಾಬ್ದಾರಿ’ಯನ್ನು ಕಾಗದ ಹರಿಯುವಂತೆ ಗೀಚಿ ಅಳಿಸಿದಳು. "ಆರಿಸಲು ಕಾರಣ, ಪ್ರಾರ್ಥನೆ. ಬರ್ಕೊಂಡ್ಯಾ? ಆರಿಸಲು ಹೇಳಿದವರು, ಪೊವುನಿಯು."

ಖಾಲಿ ಜಾಗದಲ್ಲಿ ಅವಳು ಆ ಹೆಸರನ್ನು ದೊಡ್ಡದಾಗಿ ಬರೆದಳು.

"ಯಾವ ಪೊವುನಿಯು ಅಂತ ಗೊತ್ತಾಗ್ಲಿಲ್ವಾ ಸಾಹೇಬ್ರಿಗೆ? ಸ್ವಲ್ಪ ತಡಿ" ಎಂದು ಅವಳು ಎದ್ದು ಬಾಗಿಲಿಗೆ ಹೋಗಿ, ಫೋನನ್ನು ಮರದ ಕಡೆಗೆ ಚಾಚಿ ಹಿಡಿದಳು.

ಮರದಡಿಯಲ್ಲಿ ಮುದುಕ ಸುತ್ತಿಗೆ ಎತ್ತಿದ. ಠಣ್, ಠಣ್, ಠಣ್ ಎಂದು ಗಂಟೆ ಬಡಿಯಿತು. ಅದು ಪೂರ್ತಿ ನಿಲ್ಲುವವರೆಗೂ ಅವಳು ಕೈ ಇಳಿಸಲಿಲ್ಲ.