ಟಗರಿನ ಹೆಸರಲ್ಲಿ ಹೇಳಿದ ನೋವು

ಹೆಂಗಸರು ಬರೆಯಬಾರದ ವಿಷಯವೊಂದನ್ನು ಬರೆಯಲು ಕುಳಿತಿದ್ದೇನೆ. ದೇವರಿಗೆ ದೀಪ ಹಚ್ಚಿ, ‘ಅಪ್ಪಾ, ಇದು ತಪ್ಪಾದರೆ ನನ್ನ ಕೈ ತಡೆ’ ಎಂದು ಕೇಳಿಕೊಂಡೆ. ಕೈ ಆಡುತ್ತಲೇ ಇದೆ. ಅಪ್ಪಣೆ ಸಿಕ್ಕಿತೆಂದು ತಿಳಿದು ಹೇಳಿಬಿಡುತ್ತೇನೆ: ಇದು ಗಂಡಸರ ಬೀಜದ ನೋವಿನ ವಿಷಯ.

ಆ ಮಾತು ನಮ್ಮ ಮನೆಗೆ ಹೊಸದಲ್ಲ. ಸುರಪುರದ ಅಂಚಿನಲ್ಲಿ ಕುರಿ ಸಾಕಿ ಬದುಕಿದವರು ನಾವು. ಟಗರು ಕೊಳ್ಳುವಾಗ ಮೊದಲು ಹಲ್ಲು ನೋಡಬೇಕು, ಆಮೇಲೆ ಕಾಲು, ಆಮೇಲೆ ಹಿಂದಿನಿಂದ ಕೈಹಾಕಿ ಬೀಜ ಹಿಡಿದು ನೋಡಬೇಕು. ಎರಡೂ ಸಮ ಇವೆಯೋ, ಗಂಟಿದೆಯೋ, ಬಾವು ಇದೆಯೋ ಅಂತ. ಈ ಪರೀಕ್ಷೆಯಲ್ಲಿ ನಮ್ಮ ಯಜಮಾನರ ಕೈ ಹೆಸರುವಾಸಿ. ವಡಗೇರಾದಿಂದಲೂ ಜನ ಕರೆಯಲು ಬರುತ್ತಿದ್ದರು. ತುಂಬಿದ ಸಂತೆಯಲ್ಲಿ, ಹೆತ್ತ ತಾಯಿಯ ಎದುರಿಗೇ, “ಇದರ ಎಡದ್ದು ನೆಟ್ಟಗಿಲ್ಲ, ಬಿಡ್ರಿ” ಎಂದು ಹೇಳಲು ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಅಂಥವರು ತಮ್ಮದೇ ನೋಯತೊಡಗಿದಾಗ ಬಾಯಿಗೆ ಬೀಗ ಹಾಕಿಕೊಂಡರು.

ಆಗ ನಿಜಾಮನ ಆಳ್ವಿಕೆ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಕಚೇರಿಯ ಉರ್ದು ಮೆಲ್ಲಗೆ ಕನ್ನಡವಾಗುತ್ತಿತ್ತು. ನಾವು ಯಾವ ರಾಜ್ಯದವರು ಎಂಬುದನ್ನು ಕಟ್ಟೆಯ ಮೇಲೆ ಕುಳಿತ ಹಿರಿಯರು ದಿನಾ ಹೊಸದಾಗಿ ತೀರ್ಮಾನಿಸುತ್ತಿದ್ದರು. ನಮ್ಮ ಮನೆಯೊಳಗಿನ ಕಾನೂನು ಮಾತ್ರ ಹಳೆಯದೇ. ಅತ್ತೆಯ ಎದುರಿಗೆ ಗಂಡನ ಜೊತೆ ಮಾತಿಲ್ಲ. ಅತ್ತೆ ಇಲ್ಲದಾಗ ಗಂಡನೂ ಇರುವುದಿಲ್ಲ. ವರ್ಷದಲ್ಲಿ ಅರ್ಧ ಕಾಲ ಅವರು ಕುರಿಗಳ ಜೊತೆ ಹೊಳೆಯ ದಂಡೆಗೆ, ನಾನು ಒಲೆಯ ಜೊತೆ ಮನೆಯಲ್ಲಿ.

ಆ ಸಲ ಊರಲ್ಲಿದ್ದರೂ ಅವರು ದೂರವೇ ಉಳಿದರು. ಹಾಸಿಗೆ ಕುರಿಹಟ್ಟಿಗೆ ಹೋಯಿತು. ಧೋತರ ತಾವೇ ಒಗೆದುಕೊಂಡರು. ಕಟ್ಟೆಯ ಮೇಲೆ ಒಂದೇ ಮಗ್ಗುಲಿಗೆ ಕೂಡುತ್ತಿದ್ದರು. ನೀರು ಕೊಡಲು ಹೋದರೆ, “ಅಲ್ಲೇ ಇಡು.” ನನ್ನಿಂದ ಏನು ತಪ್ಪಾಯಿತೋ ಎಂದು ಹಿಟ್ಟು ನಾದುತ್ತ ನಾದುತ್ತ ಹುಡುಕಿದೆ. ಏನೂ ಸಿಗಲಿಲ್ಲ. ಕೊಡೇಕಲ್ಲಿನ ಅಪ್ಪನಿಗೆ ಹರಕೆ ಹೊತ್ತೆ. ಏನೆಂದು ಹೊರಲಿ? ‘ಈ ಮನುಷ್ಯ ನನ್ನ ಕಡೆ ನೋಡುವ ಹಾಗೆ ಮಾಡು’ ಎಂದಷ್ಟೇ. ತುಂಬಿದ ಮನೆಯಲ್ಲಿ ಒಬ್ಬಳೇ ಇರುವುದು ಬರಿದಾದ ಮನೆಯಲ್ಲಿ ಇರುವುದಕ್ಕಿಂತ ಕಠಿಣ. ಬರಿ ಮನೆಯಲ್ಲಿ ದೇವರ ಜೊತೆ ಜೋರಾಗಿ ಮಾತಾಡಬಹುದು.

ಒಂದು ಮಧ್ಯಾಹ್ನ ದೊಡ್ಡ ಟಗರೊಂದನ್ನು ಎತ್ತಿ ಬೇಲಿ ದಾಟಿಸಿದವರು ಮುಖ ಕಿವುಚಿ ಅಲ್ಲೇ ಕುಳಿತರು. ಅತ್ತೆ ಓಡಿ ಬಂದು, “ಏನಾತೋ ಮಗನ?” ಅಂದರು. “ಹೊಟ್ಟಿ ನೋವಬೇ,” ಅಂದರು ಇವರು. ನಾಚಿಕೆ ಹೇಳಿಸಿದ ಸುಳ್ಳು. ಅದರ ದಂಡ ಕೂಡಲೇ ಬಿತ್ತು. ನಮ್ಮ ಕಡೆ ಬಿಡದ ಹೊಟ್ಟೆನೋವಿಗೆ ಬರೆ ಹಾಕುತ್ತಾರೆ. ದೇವಾಪುರದ ಮುದುಕನೊಬ್ಬನನ್ನು ಕರೆಸಿದರು. ಅವನು ಕಾದ ಕಬ್ಬಿಣವನ್ನು ಹೊಕ್ಕಳ ಪಕ್ಕ ಒತ್ತಿದ. ನೋವಿಲ್ಲದ ಜಾಗದಲ್ಲಿ ಸುಡಿಸಿಕೊಂಡರೇ ಹೊರತು ನೋವಿರುವ ಜಾಗ ಯಾವುದೆಂದು ನನ್ನ ಗಂಡ ಹೇಳಲಿಲ್ಲ.

ಆ ಬರೆಯೇ ದೇವರು ಮಾಡಿದ ಸಣ್ಣ ಉಪಕಾರ. ಗಾಯಕ್ಕೆ ಬೆಣ್ಣೆ ಹಚ್ಚಲು ಅತ್ತೆ ನನ್ನನ್ನೇ ಕಳಿಸಿದರು.

“ಈಗ ನೋವು ಹೋತೇನ್ರಿ?” ಅಂದೆ.

ಅವರು ಹಟ್ಟಿಯ ಕಡೆ ಮುಖ ಮಾಡಿ, “ಒಂದ್ ಟಗರ್ ಅದ,” ಅಂದರು. “ಎಡಗಡಿ ಬೀಜ ಜಗ್ತದ. ನಿಂತ್ರ ಭಾರ, ಮಲಗಿದ್ರ ಹಗುರ. ಮುಟ್ಟಿದ್ರ ಎರಿಹುಳದ ಗಂಟ್ ಇದ್ದಂಗ.”

ಹಟ್ಟಿಯಲ್ಲಿ ಅಂಥ ಟಗರು ಇಲ್ಲವೆಂದು ನನಗೆ ಗೊತ್ತು. ಬೆಣ್ಣೆ ಹಚ್ಚುತ್ತಲೇ ಕೇಳಿದೆ, “ಸಂತ್ಯಾಗ ಅಂಥಾ ಟಗರ್ ನೀವ್ ಕೊಳ್ತಿದ್ರೇನು?”

“ನಾ ಅಂತೂ ಕೊಳ್ಳಂಗಿಲ್ಲ.”

“ನಾನಂತೂ ಮಾರಂಗಿಲ್ಲ. ದವಾಖಾನಿಗಿ ನಡೀರಿ.”

ಗುಡಿಯಲ್ಲಿ ಪುರಾಣ ಹೇಳುವವರಿಂದ ಕೇಳಿದ್ದೆ: ದೇವತೆಗಳ ರಾಜನಿಗೇ ಋಷಿಯ ಶಾಪದಿಂದ ಇಂಥ ಅಂಗ ಉದುರಿತಂತೆ, ದೇವತೆಗಳು ಟಗರಿನದನ್ನು ತಂದು ಹಚ್ಚಿದರಂತೆ. ಆಗ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕಿದ್ದೆವು. ಸ್ವರ್ಗದ ಒಡೆಯನೂ ನೋವನ್ನು ನಾಲ್ಕು ಜನಕ್ಕೆ ಹೇಳಿದ್ದರಿಂದಲೇ ತಾನೆ ಉಪಚಾರವಾದದ್ದು? ‘ಹೊಟ್ಟೆ ನೋವು’ ಅಂದಿದ್ದರೆ ಅವನಿಗೂ ಬರೆಯೇ ಗತಿ.

ಹರಕೆ ತೀರಿಸುವ ನೆಪ ಹೇಳಿ ಇಬ್ಬರೂ ಹೊರಟೆವು. ಬಸ್ಸು ಹತ್ತಿದ್ದು ಮಾತ್ರ ಯಾದಗಿರಿಯದು. ಕೊಡೇಕಲ್ಲಿನ ಅಪ್ಪ ನಮ್ಮನ್ನು ಕ್ಷಮಿಸಿದ್ದಾನೆಂದು ನಂಬಿದ್ದೇನೆ. ಅವನ ದರ್ಶನಕ್ಕೆ ಆಮೇಲೆ ಹೋಗಿಬಂದೆವು. ದವಾಖಾನೆಯಲ್ಲಿ ಅವರು ಒಳಗೆ, ನಾನು ಹೊರಗೆ ಬೇವಿನ ಮರದ ಕೆಳಗೆ. ನನಗೆ ಗೊತ್ತಿದ್ದ ದೇವರ ಹೆಸರೆಲ್ಲ ತೀರಿ, ಮತ್ತೆ ಮೊದಲಿನಿಂದ ಹಿಡಿದಾಗ ಅವರು ಹೊರಗೆ ಬಂದರು. ಮುಖ ಹಗುರಾಗಿತ್ತು. ತಿರುಗಿ ಬರುವ ಬಸ್ಸಿನಲ್ಲಿ, ಎಂದೂ ಮಾತಾಡದವರು ಡಾಕ್ಟರು ಹೇಳಿದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಒಪ್ಪಿಸಿದರು.

ಅವರದು ರಕ್ತನಾಳ ಉಬ್ಬಿದ್ದು, ಸದ್ಯಕ್ಕೆ ಭಯವಿಲ್ಲ. ಆಸರೆಯಾಗುವಂತೆ ಲಂಗೋಟಿ ಕಟ್ಟಬೇಕು, ಟಗರು ಎತ್ತಬಾರದು, ಹೆಚ್ಚಾದರೆ ಮತ್ತೆ ತೋರಿಸಬೇಕು. ಇಂಥ ಸಣ್ಣ ನೋವು ಕುರಿ ಒದ್ದರೂ ಬರುತ್ತದೆ, ಬಿಗಿ ಬಟ್ಟೆಯಿಂದಲೂ ಬರುತ್ತದೆ. ನಂಜಾದರೆ ಉಚ್ಚೆ ಉರಿಯಬಹುದು. ಮೂತ್ರದ ಹರಳು ಸೊಂಟದಲ್ಲಿದ್ದು ನೋವು ಕೆಳಗಿಳಿಯಬಹುದು. ಕೆಲವರಿಗೆ ನೀರು ತುಂಬುತ್ತದೆ, ಕೆಲವರಿಗೆ ಕರುಳು ಜಾರುತ್ತದೆ. ನಾಲ್ಕು ದಿನಕ್ಕೂ ಹೋಗದಿದ್ದರೆ ತೋರಿಸಲೇಬೇಕು. ಬಾವು, ಜ್ವರ, ಉಚ್ಚೆಯಲ್ಲಿ ರಕ್ತ ಕಂಡರೆ ತಡಮಾಡಬಾರದು. ನೋವೇ ಇಲ್ಲದ ಗಟ್ಟಿ ಗಂಟನ್ನಂತೂ ಬಿಡಲೇಬಾರದು. ಒಮ್ಮೆಲೇ ಜೀವ ಹೋಗುವಂಥ ನೋವು ಬಂದು ವಾಂತಿಯಾದರೆ ಬೀಜ ಒಳಗೇ ತಿರುಚಿಕೊಂಡಿರಬಹುದು. ಆಗ ಬರೆ, ಬೆಣ್ಣೆ, ಹರಕೆ ಯಾವುದಕ್ಕೂ ಕಾಯದೆ ಆ ಗಳಿಗೆಯಲ್ಲೇ ಓಡಬೇಕು. ಕೆಲವು ತಾಸು ತಡವಾದರೂ ಅದು ಸತ್ತುಹೋಗುತ್ತದೆ.

“ಡಾಕ್ಟರ್ ನಕ್ಕ,” ಅಂದರು. “ಊರ್ ಟಗರೆಲ್ಲಾ ಮುಟ್ಟಿ ನೋಡ್ತೀದಿ, ನಿಂದು ನೋಡ್ಕೊಳಾಕ ಏನ್ ಧಾಡಿ ಅಂದ.”

ನಾನೂ ನಕ್ಕೆ. ನಗುತ್ತ ಕಣ್ಣು ತುಂಬಿತು. ನನ್ನ ಮೇಲಿನ ಸಿಟ್ಟಲ್ಲ, ಬರೀ ಒಂದು ನೋವು. ಅದಕ್ಕಾಗಿ ಅಷ್ಟು ದಿನ ಇಬ್ಬರೂ ಒಬ್ಬೊಬ್ಬರೇ ಇದ್ದೆವು.

ಶಹಾಪುರದ ಗುಡ್ಡ ಕಾಣುವಾಗ ಅವರು ಕಿಟಕಿಯಾಚೆ ನೋಡುತ್ತ, “ನಿನಗೇನರ ನೋವ್ ಅದ ಏನು?” ಅಂದರು.

ಮದುವೆಯಾದಾಗಿನಿಂದ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ‘ಏನಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹಿಮ್ಮಡಿಯ ನೋವಿನಿಂದ ಶುರುಮಾಡಿದೆ. ಸುರಪುರ ಬಂದು ಬಸ್ಸು ನಿಂತಾಗ ನಾನಿನ್ನೂ ಸೊಂಟದ ಹತ್ತಿರವೇ ಇದ್ದೆ. ಅವರು ಇಳಿಯುವ ಅವಸರ ಮಾಡಲಿಲ್ಲ.