ಬಣ್ಣ ಬಳಿದ ಕೊಂಡಿ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಸಿಟ್ಟಿನಿಂದ ಹೇಳಲಿಲ್ಲ, ಈ ಸಲ ಕಾಲುವೆಗೆ ನೀರು ತಡ ಎನ್ನುವಷ್ಟೇ ಸಮಾಧಾನದಿಂದ ಹೇಳಿದರು. ಅದಕ್ಕೇ ಹೆಚ್ಚು ನಾಟಿತು.

ಅಂದಿನಿಂದ ನನಗೊಂದು ಚಟ ಅಂಟಿದೆ. ಯಾವ ವಾಹನ ಕಂಡರೂ ಮೊದಲು ಅದರ ಬೆನ್ನು ನೋಡುತ್ತೇನೆ. ಮೊನ್ನೆ ಗಂಗಾವತಿಯಲ್ಲಿ ಕಾರೊಂದರ ಹಿಂದಿನ ಕೊಂಡಿಗೆ ಸೈಕಲ್ ಹೊರುವ ಸ್ಟ್ಯಾಂಡು ಸಿಕ್ಕಿಸಿ, ಅದಕ್ಕೆ ಜೋಡಿ ದೀಪ ಕೂರಿಸುತ್ತಿದ್ದರು. ಕೊತ್ತಂಬರಿ ತರಲು ಹೋದವಳು ಅಲ್ಲೇ ನಿಂತು, ಕರಿ ವೈರು ಎಲ್ಲಿಗೆ ಕೊಟ್ಟಿರಿ ಎಂದು ಕೇಳಿದೆ. ಮೆಕ್ಯಾನಿಕ್ ನನ್ನ ಕೈಚೀಲ ನೋಡಿ, “ಮೇಡಂ, ನಿಮ್ದೂ ಗ್ಯಾರೇಜ್ ಐತೇನ್ರಿ?” ಎಂದ. ಇಲ್ಲಪ್ಪ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ಎಂದೆ. ನನಗೆ ವಿಜ್ಞಾನ ಕಲಿಸಿದ್ದು ಇಂಥದೇ ಒಂದು ಕೊಂಡಿ ಎಂದು ಹೇಳಲಿಲ್ಲ.

ನಮ್ಮದು ಸಿದ್ದಾಪುರದ ಕಡೆಯ ಭತ್ತದ ಸೀಮೆ. ದೊಡ್ಡಪ್ಪನ ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಪಿನ್ನು ಹಾಕಿ ಸಿಕ್ಕಿಸುವ ಕಬ್ಬಿಣದ ಕ್ಯಾರಿಯರ್ ಇತ್ತು. ಸಸಿಯ ಕಟ್ಟು ಹೇರಿದರೆ ಟ್ರ್ಯಾಕ್ಟರಿನ ಸ್ವಂತ ದೀಪಗಳು ಮುಚ್ಚಿಹೋಗುತ್ತಿದ್ದವು. ಒಂದು ಮುಸ್ಸಂಜೆ ಬೈಕಿನವನೊಬ್ಬ ಹಿಂದಿನಿಂದ ಬಂದು ಗುದ್ದುವವನು ಗೇಣು ಅಂತರದಲ್ಲಿ ಉಳಿದ. ಅದೇ ವಾರ ನನ್ನ ಡಿಗ್ರಿ ಎರಡನೇ ವರ್ಷದ ಫಲಿತಾಂಶ ಬಂತು: ವಿದ್ಯುತ್ತಿನ ಪೇಪರಿನಲ್ಲಿ ಫೇಲು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲವಾದ್ದರಿಂದ, ಅಲ್ಲಿಂದ ಬಿದ್ದವರನ್ನು ಎತ್ತುವ ಬಗೆಯೂ ಯಾರಿಗೂ ಗೊತ್ತಿರಲಿಲ್ಲ. ಓದು ಸಾಕು, ನಾಟಿಗೆ ಬರಲಿ ಎಂದರು ದೊಡ್ಡಪ್ಪ. ಅಣ್ಣನಿಗೆ ಎಂದೂ ಎದುರಾಡದ ನಮ್ಮಪ್ಪ ಅಂದು ನೆಲ ನೋಡುತ್ತಲೇ, “ಕ್ಯಾರಿಯರಿಗೆ ದೀಪ ಹಾಕ್ತೀನಿ ಅಂತಾಳ. ಹತ್ತಿದ್ರ ಇನ್ನೊಮ್ಮಿ ಪರೀಕ್ಷೆಗೆ ಕುಂದರ್ಲಿ” ಎಂದ.

ಹತ್ತಿದವು. ಕೆಂಪು ವೈರನ್ನು ಟ್ರ್ಯಾಕ್ಟರಿನ ದೀಪದ ಲೈನಿಗೆ ಸೇರಿಸಿ, ಕರಿ ವೈರನ್ನು ಕ್ಯಾರಿಯರಿನ ಬೋಲ್ಟಿಗೇ ಬಿಗಿದೆ. ನಮ್ಮ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದರೆ ಸಾಕು, ಕರೆಂಟು ತಾನೇ ಬ್ಯಾಟರಿಗೆ ಮರಳುತ್ತದೆ. ಎರಡು ತಿಂಗಳು ನಾನು ಎದೆಯುಬ್ಬಿಸಿಕೊಂಡು ತಿರುಗಿದೆ.

ಆಮೇಲೆ ದಸರೆಯ ಆಯುಧಪೂಜೆ, ನಮ್ಮ ಕಡೆಯ ಖಂಡೇ ಪೂಜೆ, ಬಂತು. ಅಂದು ದೊಡ್ಡಪ್ಪನ ಮನೆಯಲ್ಲಿ ಯಾವ ಕಬ್ಬಿಣವೂ ಬರಿಮೈಯಲ್ಲಿ ಇರುವಂತಿಲ್ಲ. ಕುಡಗೋಲಿಗೆ ಅರಿಶಿನವಾದರೆ ಟ್ರ್ಯಾಕ್ಟರಿಗೆ ಬಣ್ಣ. ದೊಡ್ಡಪ್ಪ ಕ್ಯಾರಿಯರ್ ಬಿಚ್ಚಿ, ಕೊಂಡಿಗೆ, ಪಿನ್ನಿಗೆ, ಪಿನ್ನು ಕೂರುವ ತೂತಿನ ಒಳಗೂ ಕೆಂಪು ಬಣ್ಣವನ್ನು ಧಾರಾಳವಾಗಿ ಬಳಿದರು. ಒಣಗಿದ ಮೇಲೆ ತಾವೇ ಜೋಡಿಸಿ ಚೆಂಡುಹೂ ಕಟ್ಟಿದರು. ಸಂಜೆ ಸ್ವಿಚ್ಚು ಒತ್ತಿದರೆ ಕತ್ತಲೆ.

“ಹಬ್ಬಾ ದಾಟಲಿಲ್ಲ ನೋಡು ನಿನ್ನ ದೀಪ” ಎಂದರು ದೊಡ್ಡಪ್ಪ. ಪರೀಕ್ಷೆಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಬಲ್ಬು ಬದಲಿಸಿದೆ, ಫ್ಯೂಸು ನೋಡಿದೆ, ಎರಡು ದಿನ ವೈರು ಕಚ್ಚಿ ಸುಲಿದು ಹಲ್ಲು ನೋಯಿಸಿಕೊಂಡೆ. ಮೂರನೆಯ ದಿನ, ನನ್ನನ್ನು ಬೀಳಿಸಿದ ಪುಸ್ತಕವನ್ನು ಬೈಯುವುದಕ್ಕೆಂದೇ ತೆರೆದೆ. ಬ್ಯಾಟರಿಯಿಂದ ಹೊರಟ ಗೆರೆ ಸುತ್ತಿ ಬ್ಯಾಟರಿಗೇ ಬರುವ ಚಿತ್ರ. ಪರೀಕ್ಷೆಯಲ್ಲಿ ಅದನ್ನು ಅಂದವಾಗಿ ಬರೆದು ಬಂದವಳು ನಾನೇ. ಅರ್ಥವಾದದ್ದು ಅಂದು ಅಂಗಳದಲ್ಲಿ. ಹೋಗುವ ದಾರಿ ಸರಿಯಿತ್ತು. ಮರಳುವ ದಾರಿಗೆ ದೊಡ್ಡಪ್ಪ ಕರೆಂಟು ದಾಟದ ಬಣ್ಣ ಬಳಿದಿದ್ದರು.

ಪಿನ್ನನ್ನೂ ತೂತನ್ನೂ ಹಳೆಯ ಕುಡಗೋಲಿನಿಂದ ಕೆರೆದು ಕೂರಿಸಿದೆ. ದೀಪ ಹತ್ತಿತು. ಬಣ್ಣವನ್ನು ಇನ್ನು ನಂಬದೆ, ಕರಿ ವೈರನ್ನು ನೇರ ಬ್ಯಾಟರಿಯ ಮೈನಸ್ಸಿಗೇ ಎಳೆದೆ. ಕೆರೆದ ಪಿನ್ನನ್ನು ದೊಡ್ಡಪ್ಪ ಎಳೆದು ತೆಗೆದು, ಉಳಿದಿದ್ದ ಬಣ್ಣವನ್ನು ತಾವೇ ಉಗುರಿನಿಂದ ಕೆರೆದರು. ಪರೀಕ್ಷೆಯ ದಿನ ಬಸ್‌ಸ್ಟ್ಯಾಂಡಿಗೆ ಟ್ರ್ಯಾಕ್ಟರಿನಲ್ಲಿ ಬಿಟ್ಟುಬಂದವರು ಅವರೇ. ಹಾಡುಹಗಲಲ್ಲೂ ಹಿಂದಿನ ದೀಪಗಳು ಉರಿಯುತ್ತಿದ್ದವು.

ಪದವಿಯ ಸರ್ಟಿಫಿಕೇಟನ್ನು ಮೊದಲು ಅವರ ಕೈಗೇ ಕೊಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಅಂಚಿನಲ್ಲಷ್ಟೇ ಹಿಡಿದರು. ಹಿಂದೆ ಮುಂದೆ ತಿರುವಿ ನೋಡಿ ನನಗೇ ಮರಳಿಸಿದರು.

“ಛಲೋ ಆತು. ಇದನ್ನ ನನ್ನ ಕೈಗೆ ಸಿಗದಂಗ ಇಡವ್ವಾ. ಬರೂ ಖಂಡೇ ಪೂಜಿಗೆ ಇದಕ್ಕೂ ಬಣ್ಣಾ ಬಳದುಬಿಟ್ಟೇನು.”